ಗಿಡ ಬೆಳೆದ ಹಾದಿಯಲ್ಲಿ ಪೆನ್ಸಿಲ್

ಹತ್ತಿಗಿಡಕ್ಕೆ ಎರಡು ಬಗೆಯ ಕೊಂಬೆಗಳಿವೆ. ಬುಡದ ಕಡೆ ಹುಟ್ಟುವವು ಕಾಂಡದ ಹಾಗೆಯೇ ನೆಟ್ಟಗೆ ಮೇಲೇಳುತ್ತವೆ. ಐದಾರು ಗೆಣ್ಣು ದಾಟಿದ ಮೇಲೆ ಹುಟ್ಟುವವು ಅಡ್ಡಕ್ಕೆ ಚಾಚಿ, ಗೆಣ್ಣುಗೆಣ್ಣಿಗೂ ಅತ್ತಿತ್ತ ತಿರುಗಿ, ಅಂಕುಡೊಂಕಾಗಿ ಸಾಗುತ್ತವೆ. ಹೆಚ್ಚಿನ ಹೂವು, ಕಾಯಿ ಬಿಡುವುದು ಈ ಎರಡನೆಯ ಬಗೆಯ ಕೊಂಬೆಗಳಲ್ಲಿ. ಮುಂಡರಗಿ ಸೀಮೆಯ ಎರೆಹೊಲದ ಬದುವಿನ ಮೇಲೆ ಕೂತು ಹತ್ತಿಗಿಡದ ಚಿತ್ರ ಬರೆಯುವವರು ಎಲ್ಲ ಕೊಂಬೆಗಳನ್ನೂ ನೆಟ್ಟಗೆ ಎಳೆದರೆ, ಎಲೆಗಳು ಎಷ್ಟೇ ಚಂದ ಬಂದಿರಲಿ, ಹೊಲದವರು ನೋಡಿ 'ಇದು ಕಾಯಿ ಹಿಡ್ಯಾಂಗಿಲ್ಲ ಬಿಡ್ರಿ' ಅಂದಾರು. ಅವರ ಮಾತಿನಲ್ಲಿ ತಪ್ಪಿಲ್ಲ.

ಅಂಕುಡೊಂಕಿಗೆ ಕಾರಣವಿದೆ. ಕಾಯಿ ಬಿಡುವ ಕೊಂಬೆಯ ಒಂದೊಂದು ತುಂಡೂ ಒಂದು ಹೂಮೊಗ್ಗಿನಲ್ಲಿ ಮುಗಿಯುತ್ತದೆ. ಅಲ್ಲಿಗೆ ಆ ತುದಿಯ ಬೆಳವಣಿಗೆ ನಿಂತಿತು. ಮುಂದಿನ ತುಂಡು ಹುಟ್ಟುವುದು ಅದೇ ಗೆಣ್ಣಿನ ಎಲೆಯ ಕಂಕುಳಲ್ಲಿರುವ ಇನ್ನೊಂದು ಮೊಗ್ಗಿನಿಂದ. ಅದು ತುಸು ಪಕ್ಕಕ್ಕೆ ಹೊರಟು, ಒಂದು ಎಲೆ ಬಿಟ್ಟು, ತಾನೂ ಹೂವಿನಲ್ಲಿ ಮುಗಿಯುತ್ತದೆ. ಹೀಗೆ ಒಂದೇ ಕೊಂಬೆ ಎಂದು ನಮಗೆ ಕಾಣುವುದು ನಿಜಕ್ಕೂ ಒಂದರ ಬೆನ್ನಿಗೆ ಒಂದು ಹುಟ್ಟಿದ ಹಲವು ತುಂಡುಗಳ ಸರಣಿ.

ಹತ್ತಿಯ ಜೊತೆಗೆ ಮೆಣಸಿನಗಿಡ ಹಾಕುವ ರೂಢಿ ಈ ಕಡೆ ಹಳೆಯದು. ಅಲ್ಲಿಯೂ ಇದೇ ನಿಯಮ, ರೂಪ ಮಾತ್ರ ಬೇರೆ. ಮೆಣಸಿನಗಿಡದ ಕಾಂಡ ಕೆಲವು ಎಲೆಗಳಾದ ಮೇಲೆ ಹೂವಿನಲ್ಲಿ ಮುಗಿಯುತ್ತದೆ. ಅದರ ಅಕ್ಕಪಕ್ಕದಿಂದ ಎರಡು ಕವಲು ಏಳುತ್ತವೆ. ಒಂದೊಂದು ಕವಲೂ ಮತ್ತೆ ಹೂವಿನಲ್ಲಿ ಮುಗಿದು ಎರಡಾಗುತ್ತದೆ. ಆದ್ದರಿಂದಲೇ ಮೆಣಸಿನಕಾಯಿ ಕವಲಿನ ಮೂಲೆಯಲ್ಲಿ ತೂಗುತ್ತದೆ. ಕೊಂಬೆಯ ನಡುವೆ ಎಲ್ಲೆಂದರಲ್ಲಿ ಕಾಯಿ ತೂಗುಹಾಕಿದ ಚಿತ್ರದಲ್ಲಿ ಕೆಂಪು ಬಣ್ಣ ಎಷ್ಟು ಚೆನ್ನಾಗಿದ್ದರೂ ಗಿಡ ಮೆಣಸಿನದಲ್ಲ.

ಈ ಅಧ್ಯಾಯದ ಮಾತು ಇಷ್ಟೇ: ಗಿಡವನ್ನು ಅದು ಬೆಳೆದ ಕ್ರಮದಲ್ಲೇ ಬರೆಯಬೇಕು. ಕಲಾಶಾಲೆಗಳಲ್ಲಿ ಮೊದಲು ನಡುಗೆರೆ, ಆಮೇಲೆ ಸರಳ ಘನಾಕೃತಿ, ಆಮೇಲೆ ಅಂಚು, ಕೊನೆಗೆ ವಿವರ ಎಂದು ಹೇಳಿಕೊಡುತ್ತಾರೆ. ಇದನ್ನು ಕೈ ಪಳಗಿಸುವ ಉಪಾಯ ಎಂದಷ್ಟೇ ಅನೇಕರು ತಿಳಿದಿದ್ದಾರೆ. ಆದರೆ ಗಿಡವೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ತನ್ನನ್ನು ಕಟ್ಟಿಕೊಳ್ಳುತ್ತದೆ. ತುದಿ ಮೊದಲು ದಿಕ್ಕು ಹಿಡಿಯುತ್ತದೆ, ಅದರ ಬದಿಯಲ್ಲಿ ಎಲೆಯ ಗುಬುಟು ಏಳುತ್ತದೆ, ಎಲೆಯಲ್ಲಿ ನಡುನರ ಮೂಡಿದ ಮೇಲೆ ಹಾಳೆ ಹರಡುತ್ತದೆ. ಕಟ್ಟಿ ಬರೆಯುವವರು ತಿಳಿದೋ ತಿಳಿಯದೆಯೋ ಸಸ್ಯಶಾಸ್ತ್ರ ಓದುತ್ತಿರುತ್ತಾರೆ.

ಅಕ್ಷ ಮತ್ತು ಉಂಗುರ

ಮೊದಲ ಪಾಠಕ್ಕೆ ಗಿಡ ಬೇಡ; ಗದಗಿನ ತ್ರಿಕೂಟೇಶ್ವರ ಗುಡಿಯ ಆವರಣಕ್ಕೋ ಲಕ್ಕುಂಡಿಗೋ ಹೋದರೆ ಸಾಕು. ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲಿನ ಕಂಬಗಳನ್ನು ಒಂದು ಅಕ್ಷದ ಸುತ್ತ ತಿರುಗಿಸಿ ಕಡೆದಿದ್ದಾರೆ. ಅಂಥ ಕಂಬದ ಮುಂದೆ ನಿಂತು ಅದರ ಉಂಗುರದಂಥ ಪಟ್ಟಿಗಳನ್ನು ನೋಡಿ. ನಿಮ್ಮ ಕಣ್ಣಿನ ಮಟ್ಟದಲ್ಲಿರುವ ಪಟ್ಟಿ ನೇರ ಗೆರೆಯಾಗಿ ಕಾಣುತ್ತದೆ. ಅದಕ್ಕಿಂತ ಮೇಲಿನವು ಮೇಲಕ್ಕೆ ಬಾಗಿದ ಕಮಾನು, ಕೆಳಗಿನವು ಕೆಳಕ್ಕೆ ಬಾಗಿದ ಕಮಾನು. ಕಣ್ಣಿನ ಮಟ್ಟದಿಂದ ದೂರ ಹೋದಷ್ಟೂ ಬಾಗು ಹೆಚ್ಚು. ಎಲ್ಲವೂ ವೃತ್ತಗಳೇ, ಓರೆಯಾಗಿ ಕಂಡಾಗ ದೀರ್ಘವೃತ್ತಗಳಾಗುತ್ತವೆ, ಅಷ್ಟೆ.

ಈಗ ಬಿಳಿಜೋಳದ ಹೊಲಕ್ಕೆ ಬನ್ನಿ. ದಂಟು ಎಂದರೆ ಒಂದು ಉರುಳೆ, ಗೆಣ್ಣುಗಳು ಅದರ ಉಂಗುರಗಳು. ಹಾಳೆಯ ಮೇಲೆ ಮೊದಲು ಒಂದೇ ಒಂದು ತೆಳು ಗೆರೆ ಎಳೆಯಿರಿ. ದಂಟಿನ ದಪ್ಪ, ಬಣ್ಣ ಯಾವುದೂ ಬೇಡ, ಬಾಗು ಮಾತ್ರ ಬರಲಿ. ಅದೇ ಅಕ್ಷ. ಪೆನ್ಸಿಲನ್ನು ಕೈ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಗೆಣ್ಣಿನಿಂದ ಗೆಣ್ಣಿಗಿರುವ ಅಂತರವನ್ನು ಅಳೆದು ಅಕ್ಷದ ಮೇಲೆ ಗುರುತು ಹಾಕಿ. ಪ್ರತಿ ಗುರುತಿನಲ್ಲೂ ಅಕ್ಷಕ್ಕೆ ಅಡ್ಡಲಾಗಿ ಒಂದು ದೀರ್ಘವೃತ್ತ ಬರೆಯಿರಿ. ದಂಟು ನಿಮ್ಮ ಕಡೆ ಬಾಗಿದ್ದರೆ ಅದು ಅಗಲವಾಗಬೇಕು, ಅಡ್ಡವಾಗಿ ಬಾಗಿದ್ದರೆ ಕಿರಿದಾಗಬೇಕು. ಆಮೇಲೆ ಉಂಗುರಗಳ ಎರಡೂ ಬದಿಯನ್ನು ಜೋಡಿಸಿದರೆ ದಂಟು ತಾನಾಗಿ ನಿಲ್ಲುತ್ತದೆ. ಕಾಣದ ಹಿಂಬದಿಯ ಗೆರೆಯನ್ನೂ ಮೊದಲು ಬರೆದುಕೊಳ್ಳಿ. ಅಳಿಸುವುದು ಆಮೇಲಿನ ಕೆಲಸ. ಜೋಳದ ಎಲೆಯ ಒರೆ ದಂಟನ್ನು ಸುತ್ತಿಕೊಂಡೇ ಮೇಲೇರುವುದರಿಂದ, ಹಿಂಬದಿ ತಿಳಿಯದವರಿಗೆ ಎಲೆ ಎಲ್ಲಿ ಹುಟ್ಟಿತು ಎಂಬುದೇ ತಿಳಿಯದು. ಹಾಳೆ ದಂಟಿನಿಂದ ಬೇರ್ಪಟ್ಟ ಜಾಗ ಮೇಲಿದ್ದರೂ, ಎಲೆಯ ಬುಡ ಅದರ ಕೆಳಗಿನ ಗೆಣ್ಣಿನಲ್ಲಿರುತ್ತದೆ.

ಮೇಲಿನಿಂದ ಕಂಡ ನಕ್ಷೆ

ಮುಂಡರಗಿ ತಾಲೂಕಿನ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಯಿದೆ, 12ನೇ ಶತಮಾನದ್ದು. ಅದರ ಗರ್ಭಗುಡಿಯ ಹೊರಮೈಗೆ 24 ಮೂಲೆಗಳು. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಆರು ಸ್ಥಾನಗಳಾಗುತ್ತವೆ. ನಾಲ್ಕು ಮೂಲೆಯ ಚೌಕ ಆರು ಸ್ಥಾನಗಳಲ್ಲಿ ನಿಂತಾಗ 24 ಮೂಲೆಗಳ ನಕ್ಷತ್ರ. ಮುಂದೆ ನಿಂತು ನೋಡಿದವರಿಗೆ ಏಣುಗಳ ಗೊಂದಲ. ನೆಲದ ನಕ್ಷೆ ಕಂಡವರಿಗೆ ಒಂದೇ ಸಾಲಿನ ನಿಯಮ.

ಗಿಡವನ್ನೂ ಮೊದಲು ನೆತ್ತಿಯ ಮೇಲಿನಿಂದ ನೋಡಬೇಕು. ಪಕ್ಕದಿಂದ ಎಲೆಗಳ ರಾಶಿಯಾಗಿ ಕಾಣುವುದು ಮೇಲಿನಿಂದ ಲೆಕ್ಕವಾಗಿ ಕಾಣುತ್ತದೆ. ಜೋಳದ ಎಲೆಗಳು ಎರಡೇ ಸಾಲಿನಲ್ಲಿವೆ: ಒಂದು ಎಡಕ್ಕೆ, ಮುಂದಿನದು ಬಲಕ್ಕೆ, ನಡುವಿನ ಕೋನ 180 ಡಿಗ್ರಿ. ಶಿರಹಟ್ಟಿ, ಲಕ್ಷ್ಮೇಶ್ವರದ ದಾರಿಬದಿಯಲ್ಲಿ ಧೂಳು ಹೊದ್ದು ನಿಂತ ಎಕ್ಕಿಗಿಡದಲ್ಲಿ ಎಲೆಗಳು ಜೋಡಿಜೋಡಿ. ಕೆಳಗಿನ ಜೋಡಿ ಪೂರ್ವ–ಪಶ್ಚಿಮವಾದರೆ ಮೇಲಿನ ಜೋಡಿ ಉತ್ತರ–ದಕ್ಷಿಣ. ಮೇಲಿನಿಂದ ನೋಡಿದರೆ ಕೂಡಿಸುವ ಚಿಹ್ನೆ. ತುಳಸಿಯದೂ ಇದೇ ಲೆಕ್ಕ. ಹತ್ತಿಯ ಮುಖ್ಯಕಾಂಡದಲ್ಲಿ ಗೆಣ್ಣಿಗೊಂದೇ ಎಲೆ. ಒಂದು ಎಲೆಯ ತೊಟ್ಟಿಗೆ ದಾರ ಕಟ್ಟಿ, ಮೇಲಿನ ಎಲೆಗಳನ್ನು ಒಂದೊಂದಾಗಿ ಮುಟ್ಟುತ್ತ ಸುತ್ತಿದರೆ, ದಾರ ಮೂರು ಸುತ್ತು ತಿರುಗಿ ಎಂಟು ಹೆಜ್ಜೆ ಏರಿದ ಮೇಲೆ ಹೊರಟ ಎಲೆಯ ನೇರಕ್ಕೆ ಬರುತ್ತದೆ. ಎಂಟಕ್ಕೆ ಮೂರು ಸುತ್ತು ಎಂದರೆ ಎಲೆಯಿಂದ ಎಲೆಗೆ 135 ಡಿಗ್ರಿ. ಕಾಂಡ ತಿರುಚಿಕೊಂಡಿದ್ದರೆ ಲೆಕ್ಕ ಸ್ವಲ್ಪ ಜರುಗಬಹುದು. ಆ ತಿರುಚನ್ನೂ ಚಿತ್ರದಲ್ಲಿ ತೋರಿಸಬೇಕು.

ಈ 135, ಇನ್ನೊಂದು ಪ್ರಸಿದ್ಧ ಸಂಖ್ಯೆಯ ನೆರೆಹೊರೆ. ಸೂರ್ಯಕಾಂತಿಯ ತಲೆಯಲ್ಲಿ ಒಂದರ ನಂತರ ಒಂದು ಹುಟ್ಟುವ ಪುಟ್ಟ ಹೂಗಳ ನಡುವಿನ ಕೋನ ಸುಮಾರು 137.5 ಡಿಗ್ರಿ. ಡಂಬಳದ 15 ಡಿಗ್ರಿ ವೃತ್ತವನ್ನು ಸರಿಯಾಗಿ ಭಾಗಿಸುವುದರಿಂದ ಮೂಲೆಯ ಮೇಲೆ ಮೂಲೆ ಕೂತು, ಏಣು ಪಾಯದಿಂದ ಮೇಲಕ್ಕೆ ಸಾಗುತ್ತದೆ. 137.5 ವೃತ್ತವನ್ನು ಸಲೀಸಾಗಿ ಭಾಗಿಸದ ಕೋನ. ಆದ್ದರಿಂದ ಸಾಲಿನ ಮೇಲೆ ಸಾಲು ಕೂರುವುದಿಲ್ಲ, ಪ್ರತಿಯೊಂದಕ್ಕೂ ಇದ್ದುದರಲ್ಲಿ ಖಾಲಿ ಜಾಗ ಸಿಗುತ್ತದೆ. ಕಣ್ಣಿಗೆ ಕಾಣುವ ಸುರುಳಿಗಳನ್ನು ಎಣಿಸಿದರೆ ಒಂದು ಕಡೆಗೆ 34, ಇನ್ನೊಂದು ಕಡೆಗೆ 55 ಸಿಗುವುದು ಸಾಮಾನ್ಯ.

ಗಿಡಕ್ಕೆ ಕೋನಮಾಪಕ ಎಲ್ಲಿಂದ ಬಂತು? 1868ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಹಾಫ್‌ಮೈಸ್ಟರ್ ಸರಳ ಉತ್ತರ ಕೊಟ್ಟ: ಬೆಳೆಯುವ ತುದಿಯಲ್ಲಿ ಹಳೆಯ ಎಲೆಗುಬುಟುಗಳ ನಡುವೆ ಎಲ್ಲಿ ಹೆಚ್ಚು ಜಾಗವಿದೆಯೋ ಅಲ್ಲಿ ಹೊಸದು ಹುಟ್ಟುತ್ತದೆ. 1992ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿಗಳಾದ ಸ್ಟೆಫಾನ್ ದುವಾದಿ ಮತ್ತು ಈವ್ ಕೂದೆ ಗಿಡವೇ ಇಲ್ಲದೆ ಇದನ್ನು ಮಾಡಿ ತೋರಿಸಿದರು. ಕಾಂತಗುಣವುಳ್ಳ ದ್ರವದ ಹನಿಗಳನ್ನು ಒಂದೊಂದಾಗಿ ತಟ್ಟೆಯ ನಡುವೆ ಬೀಳಿಸಿದರು. ಹನಿಗಳು ಒಂದನ್ನೊಂದು ದೂಡುತ್ತ ಅಂಚಿನತ್ತ ಸರಿದವು. ಹನಿ ಬೀಳುವ ವೇಗ ನಿಧಾನವಾಗಿದ್ದಾಗ ಜೋಳದ ಹಾಗೆ 180 ಡಿಗ್ರಿ. ವೇಗ ಹೆಚ್ಚಿಸುತ್ತ ಹೋದಂತೆ 137.5ರ ಸುತ್ತಮುತ್ತ ಬಂದು ನಿಂತಿತು. ಗಿಡದೊಳಗೆ ಈ ಜಾಗ ಹಂಚುವ ಕೆಲಸ ಮಾಡುವುದು ಆಕ್ಸಿನ್ ಎಂಬ ಚೋದಕ. ಎಲೆಗುಬುಟು ತನ್ನ ಸುತ್ತಲಿನ ಆಕ್ಸಿನ್ನನ್ನು ಎಳೆದುಕೊಳ್ಳುವುದರಿಂದ ಪಕ್ಕದಲ್ಲೇ ಇನ್ನೊಂದು ಏಳಲಾರದು.

ಚಿತ್ರ ಬರೆಯುವವರಿಗೆ ಇದರಿಂದ ನೇರ ಉಪಯೋಗವಿದೆ. ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ವೃತ್ತ ಬರೆದು ಎಲೆಗಳನ್ನು ಮೇಲಿನಿಂದ ಕಂಡಂತೆ ಗುರುತಿಸಿ, ಸಂಖ್ಯೆ ಹಾಕಿ. ಪಕ್ಕದ ನೋಟ ಬರೆಯುವಾಗ ಯಾವ ಎಲೆ ನಿಮ್ಮ ಕಡೆಗೆ ಚಾಚಿದೆ, ಯಾವುದು ಹಿಂದಕ್ಕೆ ಹೋಗಿದೆ ಎಂಬುದನ್ನು ಈ ನಕ್ಷೆ ಹೇಳುತ್ತದೆ. ಹೊಸಬರ ಚಿತ್ರಗಳಲ್ಲಿ ಎಲ್ಲ ಎಲೆಗಳೂ ಎಡಬಲಕ್ಕೆ ಹರಡಿ ಗಿಡ ಪುಸ್ತಕದಲ್ಲಿಟ್ಟು ಒತ್ತಿದಂತೆ ಕಾಣುವುದಕ್ಕೆ ಕಾರಣ, ತಮ್ಮ ಕಡೆಗೇ ಚಾಚಿದ ಎಲೆಯನ್ನು ಬರೆಯಲು ಕೈ ಹಿಂಜರಿಯುವುದು.

ಎಲೆಗೆ ಎರಡು ಮುಖ

ಎಲೆಯನ್ನು ಅಂಚಿನಿಂದ ಆರಂಭಿಸಬಾರದು. ಮೊದಲು ನಡುನರ. ಎಲೆ ಗಾಳಿಯಲ್ಲಿ ಯಾವ ಕಡೆ ಹೋಗಿದೆ, ಎಲ್ಲಿ ಬಾಗಿದೆ ಎಂಬುದನ್ನು ಒಂದೇ ಗೆರೆ ಹಿಡಿಯಬೇಕು. ಆಮೇಲೆ ಆ ಗೆರೆಯ ಎರಡೂ ಬದಿಗೆ ಸರಳ ಅಂಚು. ಹಲ್ಲು, ಸೀಳು, ಅಲೆ ಎಲ್ಲವೂ ಆ ಸರಳ ಅಂಚಿನ ಮೇಲೆ ಕೂರಬೇಕು.

ಜೋಳದ ಎಲೆ ಇದಕ್ಕೆ ಒಳ್ಳೆಯ ಗುರು. ಉದ್ದನೆಯ ಪಟ್ಟಿ, ನಡುವೆ ಎದ್ದು ಕಾಣುವ ನರ, ನರಕ್ಕೆ ಸಮಾನಾಂತರವಾಗಿ ಓಡುವ ಸಣ್ಣ ನರಗಳು. ಎಲೆ ಬಾಗಿ ತಿರುಗಿದಲ್ಲಿ ಬೆಟಗೇರಿ ಸೀರೆಯ ಅಂಚು ಮಗುಚಿದ ಹಾಗೆ ಒಳಮೈ ಮರೆಯಾಗಿ ಹೊರಮೈ ಕಾಣುತ್ತದೆ. ಅಲ್ಲಿ ನಡುನರದ ಗೆರೆಯನ್ನು ಮುರಿಯದೆ, ಹಾಳೆಯ ಹಿಂದಿನಿಂದ ಹಾದುಬಂದಂತೆ ಎಳೆದರೆ ಮಡಿಕೆ ಸರಿಯಾಗುತ್ತದೆ. ಅಂಚು ಅಲೆಅಲೆಯಾಗಿದ್ದರೆ ಅದಕ್ಕೂ ಕಾರಣವುಂಟು: ನಡುಭಾಗಕ್ಕಿಂತ ಅಂಚು ಹೆಚ್ಚು ಬೆಳೆದರೆ ಆ ಹೆಚ್ಚಿನ ಉದ್ದ ಸಮತಟ್ಟಾಗಿ ಹಿಡಿಸದೆ ಮೇಲೆ ಕೆಳಗೆ ಅಲೆಯಾಗುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಮೆಲ್ಲಗೆ ಹರಿದರೆ ಹರಿದ ಅಂಚು ಹಿಗ್ಗಿ ಇಂಥದೇ ಅಲೆ ಮೂಡುವುದನ್ನು ಭೌತವಿಜ್ಞಾನಿಗಳು 2002ರಲ್ಲಿ ತೋರಿಸಿಕೊಟ್ಟರು. ಹಾಗಾಗಿ ಅಲೆಯನ್ನು ಅಂಚಿನಲ್ಲಿ ದೊಡ್ಡದಾಗಿ ಬರೆದು ನಡುನರದ ಹತ್ತಿರ ಇಲ್ಲವಾಗಿಸಬೇಕು. ನೀರಿಲ್ಲದ ಹಿಂಗಾರಿಯಲ್ಲಿ ಜೋಳದ ಎಲೆ ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಮೇಲ್ಮೈಯ ಕೆಲವು ದೊಡ್ಡ ಕೋಶಗಳು ನೀರು ಕಳೆದುಕೊಂಡು ಸೊರಗುವುದರ ಫಲ ಅದು. ಆ ದಿನ ಬರೆದ ಚಿತ್ರದಲ್ಲಿ ಪಟ್ಟಿಯ ಬದಲು ಕೊಳವೆ ಬರಬೇಕು. ಹೊಲದ ತೇವದ ಸುದ್ದಿ ಚಿತ್ರದಲ್ಲಿ ದಾಖಲಾಗುತ್ತದೆ.

ತಂಗಡಿಯದು ಬೇರೆ ಪರೀಕ್ಷೆ. ಅದರ ಒಂದು ಕಡ್ಡಿಯ ಮೇಲೆ ಸಾಮಾನ್ಯವಾಗಿ 8ರಿಂದ 12 ಜೋಡಿ ಪುಟ್ಟ ಹಾಳೆಗಳಿವೆ. ಎಲ್ಲವೂ ಎಲೆಗಳೇ, ಕಡ್ಡಿಯೇ ಕೊಂಬೆ ಎಂದು ತಿಳಿದವರು ಗಿಡದ ಲೆಕ್ಕವನ್ನೇ ತಪ್ಪುತ್ತಾರೆ. ಕಂಕುಳಲ್ಲಿ ಮೊಗ್ಗು ಇದ್ದರೆ ಅದು ಎಲೆ. ತಂಗಡಿಯಲ್ಲಿ ಆ ಮೊಗ್ಗು ಸಿಗುವುದು ಇಡೀ ಕಡ್ಡಿಯ ಬುಡದಲ್ಲಿ ಮಾತ್ರ. ಹಾಗಾಗಿ ಕಡ್ಡಿ ಸಮೇತ ಅಷ್ಟೂ ಸೇರಿ ಒಂದೇ ಎಲೆ. ಬರೆಯುವಾಗಲೂ ಹಾಗೆಯೇ: ಮೊದಲು ಇಡೀ ಎಲೆಯನ್ನು ಒಂದು ಉದ್ದನೆಯ ಸರಳ ಆಕಾರವಾಗಿ ಬಾಗಿಸಿ ಬರೆಯಿರಿ, ಆಮೇಲೆ ಅದರೊಳಗೆ ಕಿರುಎಲೆಗಳನ್ನು ಜೋಡಿಸಿ. ಬುಡದಲ್ಲಿ ಕಿವಿಯಾಕಾರದ ಎರಡು ಹಸಿರು ಉಪಪರ್ಣಗಳಿವೆ, ಜೋಡಿಗಳ ನಡುವೆ ಕಡ್ಡಿಯ ಮೇಲೆ ಒಂದೊಂದು ಸಣ್ಣ ಗ್ರಂಥಿ. ಇವೆರಡನ್ನು ಬಿಟ್ಟರೆ ತಂಗಡಿ ಅದರ ಹತ್ತಾರು ಸಂಬಂಧಿಗಳಲ್ಲಿ ಯಾವುದೂ ಆಗಬಹುದು.

ಮೂರು, ಐದು ಮತ್ತು ವೃತ್ತ

ಹೂವು ಎಂದರೆ ಹಾಳೆಗಳ ಗುಂಪಲ್ಲ, ಒಂದು ಪಾತ್ರೆ. ಕಟ್ಟುವಾಗ ಮೊದಲು ಪಾತ್ರೆ. ಹತ್ತಿಹೂವಿಗೆ ಒಂದು ಶಂಕು ಬರೆಯಿರಿ. ಅದರ ಬಾಯಿ ಒಂದು ವೃತ್ತ. ಮುಖ ನಿಮ್ಮಿಂದ 60 ಡಿಗ್ರಿ ತಿರುಗಿದ್ದರೆ ಆ ವೃತ್ತದ ಒಂದು ಅಗಲ ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ. ಬಾಯಿಯ ಮೇಲೆ ಐದು ಗುರುತು ಹಾಕಿ, ಒಂದೊಂದು ದಳವೂ ಮುಂದಿನದರ ಮೇಲೆ ಒಂದು ಅಂಚು ಹೊದಿಸಿ, ಹಿಂದಿನದರ ಕೆಳಗೆ ಇನ್ನೊಂದು ಅಂಚು ಸೇರಿಸುವಂತೆ ಒಂದೇ ದಿಕ್ಕಿನಲ್ಲಿ ತಿರುಗಿಸಿ. ಹೊರಗೆ ಹಲ್ಲುಹಲ್ಲಾದ ಮೂರು ಹಸಿರು ಹಾಳೆಗಳು ಹೂವನ್ನೂ ಕಾಯನ್ನೂ ಸುತ್ತಿರುತ್ತವೆ. ಐದನ್ನು ಸುತ್ತಿದ ಮೂರು, ಹತ್ತಿಯ ಗುರುತು. ಬಣ್ಣ ತುಂಬುವವರು ತಳಿ ನೋಡಿಕೊಳ್ಳಬೇಕು: ಇಂದು ಹೆಚ್ಚಾಗಿ ಬೆಳೆಯುವ ಬಿಟಿ ಹತ್ತಿಯ ಹೂವು ಮೊದಲ ದಿನ ಕೆನೆಬಿಳಿ, ಮರುದಿನ ಗುಲಾಬಿ, ನಾಡಹತ್ತಿ ಜಯಧರದ್ದು ಹಳದಿ, ಒಡಲಲ್ಲಿ ಕಡುಗೆಂಪು.

ಎಕ್ಕಿಯ ಹೂವಿನಲ್ಲಿ ಐದು ದಳ, ಅವುಗಳ ನಡುವೆ ಕಿರೀಟದಂತೆ ಎದ್ದ ಐದು ತಿರುಳಿನ ಭಾಗ, ಅದರ ನೆತ್ತಿಯಲ್ಲಿ ಐದು ಮೂಲೆಯ ಚಪ್ಪಟೆ ತಲೆ. ಒಂದೇ ಅಕ್ಷದ ಮೇಲೆ ಮೂರು ಅಂತಸ್ತು. ಓರೆಯಾಗಿ ನೋಡಿದಾಗ ಐದೂ ದಳಗಳು ಒಂದೇ ಅಳತೆಯಲ್ಲಿ ಕಾಣವು. ನಿಮ್ಮ ಕಡೆಗೂ ಆಚೆಗೂ ಚಾಚಿದವು ಗಿಡ್ಡ ಮತ್ತು ಅಗಲ, ಎಡಬಲಕ್ಕೆ ಚಾಚಿದವು ಉದ್ದ ಮತ್ತು ಸಪೂರ. ಇದೊಂದು ಸರಿಯಾದರೆ ಹೂವು ಹಾಳೆಯಿಂದ ಎದ್ದು ನಿಲ್ಲುತ್ತದೆ. ಎಕ್ಕಿಯ ಹಾಲು ಕಣ್ಣಿಗೆ ಅಪಾಯ. ಹೂವು ಮುಟ್ಟಿದ ಕೈ ತೊಳೆಯದೆ ಮುಖಕ್ಕೆ ತಾಗಿಸಬೇಡಿ.

ಸೂರ್ಯಕಾಂತಿಯ ಮುಂದೆ ಮಾತ್ರ ಹೂವಿನ ಲೆಕ್ಕ ತಲೆಕೆಳಗು. ಅದು ಒಂದು ಹೂವಲ್ಲ, ನೂರಾರು ಹೂವುಗಳ ತಟ್ಟೆ. ಅಂಚಿನ ಒಂದೊಂದು ಹಳದಿ ಎಸಳೂ ಒಂದೊಂದು ಹೂವು. ಒಳಗಿನವು ಅಂಚಿನಿಂದ ನಡುವಿಗೆ ಸಾಲಾಗಿ ಅರಳುತ್ತವೆ. ಆದ್ದರಿಂದ ಅಂಚಿನ ಕಡೆ ಅರಳಿ ಮುಗಿದವು, ನಡುವೆ ಇನ್ನೂ ಮೊಗ್ಗು. ಕುಸುಬಿಯೂ ಇದೇ ಕುಟುಂಬದ್ದು. ಬಲಿತ ಸೂರ್ಯಕಾಂತಿ ದಿನವಿಡೀ ಪೂರ್ವಕ್ಕೇ ಮುಖ ಮಾಡಿ ನಿಲ್ಲುವುದರಿಂದ, ಹೊಲದ ಪಶ್ಚಿಮದ ಬದುವಿನಲ್ಲಿ ಕೂತವರಿಗೆ ಸಿಗುವುದು ತಲೆಯ ಹಿಂಬದಿ, ದಪ್ಪ ತೊಟ್ಟು ಮತ್ತು ಹಸಿರು ಹಾಳೆಗಳ ಸುತ್ತು. ಅದನ್ನೂ ಒಮ್ಮೆ ಬರೆಯಬೇಕು. ತಟ್ಟೆ ಕಾಂಡಕ್ಕೆ ಹೇಗೆ ಕೂಡಿಕೊಂಡಿದೆ ಎಂಬುದು ಗೊತ್ತಾಗುವುದು ಅಲ್ಲೇ.

ಕಪ್ಪತಗುಡ್ಡದಲ್ಲಿ ಹಾಳೆ ಬಿಚ್ಚಿದರೆ

ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳ ಉದ್ದಕ್ಕೂ ಹಬ್ಬಿದ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು. 2019ರಲ್ಲಿ ಅದರ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಅನುಮತಿಯಿಲ್ಲದೆ ಅಲ್ಲಿಂದ ಗಿಡ ಕಿತ್ತು ತರುವಂತಿಲ್ಲ. ಸಸ್ಯಶಾಸ್ತ್ರದ ವಿದ್ಯಾರ್ಥಿಗೆ ಇದರಿಂದ ನಷ್ಟವಿಲ್ಲ; ಕಿತ್ತು ಒಣಗಿಸಿದ ಮಾದರಿಯಲ್ಲಿ ಬಣ್ಣ ಹೋಗುತ್ತದೆ, ಕೋನಗಳು ಚಪ್ಪಟೆಯಾಗುತ್ತವೆ. ನಿಂತಲ್ಲೇ ಬರೆದ ಚಿತ್ರದಲ್ಲಿ ಎರಡೂ ಉಳಿಯುತ್ತವೆ. ಫೋಟೋ ಒಂದು ಗಳಿಗೆಯ ಒಂದು ನೋಟ. ಚಿತ್ರದಲ್ಲಿ ಮೊಗ್ಗು, ಹೂವು, ಕಾಯಿ, ಅಡ್ಡಸೀಳು ಎಲ್ಲವೂ ಒಂದೇ ಹಾಳೆಯಲ್ಲಿ ಸೇರಬಹುದು. ಅಡ್ಡ ಬಂದ ಪಕ್ಕದ ಗಿಡದ ಕೊಂಬೆಯನ್ನು ಬಿಡಬಹುದು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹಳೆಯ ದಾರಿಯಿದೆ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನ್ ಒಬ್ಬ ಮರಾಠಾ ಚಿತ್ರಕಾರನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡದಂತೆ ಬರೆಸಿದ. ಆ ಚಿತ್ರಗಳು ಇಂದು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿನಲ್ಲಿವೆ. ಕನ್ನಡದ ಓದುಗರಿಗೆ ಹತ್ತಿರದ ಮಾದರಿ ಬಿ.ಜಿ.ಎಲ್. ಸ್ವಾಮಿ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಹಸುರು ಹೊನ್ನು' ಪುಸ್ತಕದ ಗಿಡಗಳ ರೇಖಾಚಿತ್ರಗಳನ್ನು ಬರೆದವರು ಅವರೇ. ಸೂಕ್ಷ್ಮದರ್ಶಕದ ಕೆಳಗೆ ಸಸ್ಯಗಳ ಒಳರಚನೆ ನೋಡಿ ಪಳಗಿದ ಕಣ್ಣು ಆ ಗೆರೆಗಳ ಹಿಂದಿದೆ; ನೆರಳು–ಬೆಳಕಿನ ಆಡಂಬರವಿಲ್ಲ, ಗುರುತು ಹಿಡಿಯಲು ಬೇಕಾದ ಅಂಗ ಮಾತ್ರ ತಪ್ಪದೆ ಬರುತ್ತದೆ.

ಚಿತ್ರದ ಪಕ್ಕದಲ್ಲಿ ದಿನಾಂಕ, ಊರು, ಮಣ್ಣು, ಗಿಡದ ಎತ್ತರ, ಜನ ಕರೆಯುವ ಹೆಸರು ಬರೆದಿಡಿ. ಒಂದು ಸೆಂಟಿಮೀಟರಿನ ಅಳತೆಗೆರೆ ಹಾಕಿ. ಖಚಿತವಾಗಿ ಕಾಣದ ಭಾಗವನ್ನು ಊಹಿಸಿ ತುಂಬದೆ ಚುಕ್ಕೆಗೆರೆಯಲ್ಲಿ ಬಿಡಿ. ಕಟ್ಟುಗೆರೆಗಳನ್ನೆಲ್ಲ ಅಳಿಸಿಹಾಕುವ ಅವಸರವೂ ಬೇಡ. ನೀವು ಗಿಡವನ್ನು ಹೇಗೆ ಅರ್ಥ ಮಾಡಿಕೊಂಡಿರಿ ಎಂಬುದಕ್ಕೆ ಅವೇ ಸಾಕ್ಷಿ.

ಅರ್ಥ ಸರಿಯಾಗಿದೆಯೇ ಎಂದು ನೋಡಲು ಹತ್ತಿಗಿಡದಲ್ಲೇ ಒಂದು ಪರೀಕ್ಷೆಯಿದೆ. ಮುಖ್ಯಕಾಂಡದಲ್ಲಿ ಒಂದರ ಮೇಲೊಂದಿರುವ ಎರಡು ಕಾಯಿಗೊಂಬೆಗಳ ಮೊದಲ ಹೂಗಳ ನಡುವೆ ಸುಮಾರು ಮೂರು ದಿನದ ಅಂತರ. ಒಂದೇ ಕೊಂಬೆಯ ಮೊದಲ ಹೂವಿಗೂ ಎರಡನೆಯದಕ್ಕೂ ಸುಮಾರು ಆರು ದಿನ. ನಿಮ್ಮ ಚಿತ್ರದಲ್ಲಿ ಒಂದು ಕೊಂಬೆಯ ಮೊದಲ ಹೂವು ಇಂದು ಅರಳಿದ್ದರೆ ಅದಕ್ಕೆ ಸೊನ್ನೆ ಬರೆಯಿರಿ. ಅದರ ಮೇಲಿನ ಕೊಂಬೆಯ ಮೊದಲ ಮೊಗ್ಗಿಗೆ ಮೂರು, ಸೊನ್ನೆ ಬರೆದ ಹೂವಿರುವ ಕೊಂಬೆಯಲ್ಲೇ ಅದರ ಮುಂದಿನ ಮೊಗ್ಗಿಗೆ ಆರು ಎಂದು ಬರೆಯಿರಿ. ಮೂರು ದಿನ ಬಿಟ್ಟು ಹೊಲಕ್ಕೆ ಹೋಗಿ ಚಿತ್ರವನ್ನೂ ಗಿಡವನ್ನೂ ಪಕ್ಕಪಕ್ಕ ಹಿಡಿದು ನೋಡಿ. ಚಳಿ, ಬಿಸಿಲು, ತೇವ ನೋಡಿಕೊಂಡು ಒಂದೆರಡು ದಿನ ಹಿಂದುಮುಂದಾದೀತು. ಮೊಗ್ಗು ನೀವು ತೋರಿಸಿದ ಜಾಗದಲ್ಲೇ ಇಲ್ಲದಿದ್ದರೆ ಮಾತ್ರ ಬಣ್ಣ ತುಂಬುವುದನ್ನು ಬಿಟ್ಟು ಅಕ್ಷದಿಂದ ಮತ್ತೆ ಆರಂಭಿಸಬೇಕು.